ಕಡಿಮೆ ಬಜೆಟ್ಟಿನಲ್ಲಿ ಹಕ್ಕಿ ನೋಡುವ ಬೈನಾಕ್ಯುಲರ್: ಕೊಳ್ಳುವ ಮುಂಚೆ ಏನೇನು ನೋಡಬೇಕು

ಬೈನಾಕ್ಯುಲರ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ದೂರ ಕಾಣುತ್ತೆ?" ಎಂದು. ಅಂಗಡಿಯವರು ಅದಕ್ಕೆ ತಕ್ಕಂತೆ ದೊಡ್ಡ ಸಂಖ್ಯೆ ಬರೆದಿರುವ ಡಬ್ಬಿ ತೆಗೆದು ಮುಂದಿಡುತ್ತಾರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಂತರೆ ಚಾಮುಂಡಿ ಬೆಟ್ಟ ಬರಿಗಣ್ಣಿಗೇ ಕಾಣುತ್ತದೆ, ದೂರಕ್ಕೆ ಯಾವ ಉಪಕರಣವೂ ಬೇಕಿಲ್ಲ. ಹಕ್ಕಿ ನೋಡುವವರಿಗೆ ಬೇಕಾದದ್ದು ಇಷ್ಟು: ಆಚೆ ದಡದ ಜೊಂಡಿನಲ್ಲಿ ಕೂತ ಬಕದ ಕೊಕ್ಕಿನ ಬಣ್ಣ ಸ್ಪಷ್ಟವಾಗಿ ತಿಳಿಯಬೇಕು, ಮುಂಜಾನೆಯ ಮಬ್ಬಿನಲ್ಲೂ ತಿಳಿಯಬೇಕು, ಎರಡು ಗಂಟೆ ನೋಡಿದರೂ ತಲೆ ನೋಯಬಾರದು. ಆರು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿ ಒಳಗೆ ಈ ಮೂರೂ ಸಿಗುತ್ತವೆ. ಆದರೆ ಆ ದುಡ್ಡು ಗಾಜಿಗೂ ಅದರ ಮೇಲಿನ ಲೇಪಕ್ಕೂ ಹೋಗಬೇಕು, ಡಬ್ಬಿಯ ಮೇಲಿನ ಸಂಖ್ಯೆಗೆ ಹೋಗಬಾರದು.

ಮೊದಲ ಬೈನಾಕ್ಯುಲರ್ 8×42 ಇರಲಿ

8×42 ಎಂದು ಬರೆದಿದ್ದರೆ ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು. ಎರಡನೆಯದು ಮುಂದಿನ ದೊಡ್ಡ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. 80 ಮೀಟರ್ ದೂರದ ಹಕ್ಕಿಯನ್ನು 8 ಪಟ್ಟಿನಲ್ಲಿ ನೋಡಿದರೆ 10 ಮೀಟರಿನಿಂದ ಬರಿಗಣ್ಣಲ್ಲಿ ನೋಡಿದಷ್ಟು ದೊಡ್ಡದಾಗಿ ಕಾಣುತ್ತದೆ. ಅದೇ ಹಕ್ಕಿ 10 ಪಟ್ಟಿನಲ್ಲಿ 8 ಮೀಟರಿನಿಂದ ನೋಡಿದಷ್ಟು. ವ್ಯತ್ಯಾಸ ಎರಡೇ ಮೀಟರ್. ಆ ಎರಡು ಮೀಟರಿಗೆ ತೆರುವ ಬೆಲೆ ಮಾತ್ರ ದೊಡ್ಡದು.

ಮೊದಲು ಬೆಳಕು. ಲೆನ್ಸಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿನ ಕಡೆ ಹೊರಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಇದಕ್ಕೆ ಎಕ್ಸಿಟ್ ಪ್ಯೂಪಿಲ್ ಎನ್ನುತ್ತಾರೆ. 8×42ಕ್ಕೆ ಅದು 5.25 ಮಿ.ಮೀ., 10×42ಕ್ಕೆ 4.2, ಜೇಬಿಗೆ ಹಿಡಿಯುವ 10×25ಕ್ಕೆ ಬರೀ 2.5. ನಡುಮಧ್ಯಾಹ್ನ ನಮ್ಮ ಕಣ್ಣಿನ ಪಾಪೆ 2ರಿಂದ 3 ಮಿ.ಮೀ.ಗೆ ಕುಗ್ಗಿರುತ್ತದೆ, ಆಗ ಯಾವುದನ್ನು ಹಿಡಿದರೂ ಒಂದೇ. ಮುಂಜಾನೆ, ಸಂಜೆಯ ಮಬ್ಬಿನಲ್ಲಿ ಪಾಪೆ 5 ಮಿ.ಮೀ. ಆಸುಪಾಸಿಗೆ ಹಿಗ್ಗುತ್ತದೆ. ಹಕ್ಕಿ ಚುರುಕಾಗಿರುವ ಹೊತ್ತೂ ಅದೇ. 2.5 ಮಿ.ಮೀ. ಬಿಲ್ಲೆ ಆಗ ಸಾಲದು, ಮರದ ನೆರಳಿನಲ್ಲಿ ಕೂತ ಇರುಳು ಬಕ ಕರೀ ಮುದ್ದೆಯಾಗಿ ಕಾಣುತ್ತದೆ. ಬಿಲ್ಲೆ ದೊಡ್ಡದಿದ್ದರೆ ಇನ್ನೊಂದು ಅನುಕೂಲ: ಕಣ್ಣು ಸ್ವಲ್ಪ ಆಚೀಚೆ ಸರಿದರೂ ನೋಟ ಕಪ್ಪಾಗುವುದಿಲ್ಲ.

ಎರಡನೆಯದು ನೋಟದ ಅಗಲ. 8×42ರಲ್ಲಿ ಸಾಮಾನ್ಯವಾಗಿ 7.4 ಡಿಗ್ರಿ ಸಿಗುತ್ತದೆ, ಅಗ್ಗದ 10×42ರಲ್ಲಿ 5.8 ಡಿಗ್ರಿ ಆಸುಪಾಸು. ಇಪ್ಪತ್ತು ಮೀಟರ್ ದೂರದ ಮರ ನೋಡುತ್ತಿದ್ದೀರಿ ಎನ್ನಿ. ಮೊದಲನೆಯದರಲ್ಲಿ 2.6 ಮೀಟರ್ ಅಗಲದ ಕೊಂಬೆ ಕಾಣುತ್ತದೆ, ಎರಡನೆಯದರಲ್ಲಿ 2 ಮೀಟರ್. ಸೂರಕ್ಕಿ, ಉಲಿಯಕ್ಕಿಯಂಥ ನಿಂತಲ್ಲಿ ನಿಲ್ಲದ ಹಕ್ಕಿಗಳನ್ನು ಹುಡುಕುವಾಗ ಆ ಅರವತ್ತು ಸೆಂಟಿಮೀಟರೇ ಸಿಕ್ಕಿತೋ ತಪ್ಪಿತೋ ಎಂದು ತೀರ್ಮಾನಿಸುವುದು. ಹೊಸಬರು ಬೈನಾಕ್ಯುಲರ್ ಎತ್ತಿದ ಮೇಲೆ "ಎಲ್ಲಿ, ಎಲ್ಲಿ?" ಎಂದು ತಡಕಾಡುವುದಕ್ಕೆ ಬಹುಪಾಲು ಕಾರಣ ಕಿರಿದಾದ ನೋಟ.

ಮೂರನೆಯದು ಕೈ ನಡುಕ. ಹತ್ತು ಪಟ್ಟು ಎಂದರೆ ನಡುಕವೂ ಹತ್ತು ಪಟ್ಟು. ರಂಗನತಿಟ್ಟಿನ ದೋಣಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ದೋಣಿ ಅಲುಗುತ್ತಿರುತ್ತದೆ, ಪಕ್ಕದವರು ಫೋಟೋಗೆಂದು ಏಳುತ್ತಾರೆ, ಬಂಡೆಯ ಮೇಲಿನ ರೀವ ಹಕ್ಕಿ ಹತ್ತು ಪಟ್ಟಿನಲ್ಲಿ ಕುಣಿಯುತ್ತಿರುತ್ತದೆ. ಅಲ್ಲಿ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕರೆ ಎಲ್ಲವೂ ಹತ್ತಿರದಲ್ಲೇ ಇರುವುದರಿಂದ ಎಂಟು ಪಟ್ಟು ಧಾರಾಳ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಏಳು ಪಟ್ಟಿದ್ದರೂ ಸಾಕು.

ಹಾಗಾದರೆ ಹತ್ತು ಪಟ್ಟು ಯಾರಿಗೆ? ನಂಜನಗೂಡು ಕಡೆಯ ಹದಿನಾರು ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು, ಕೆಆರ್‌ಎಸ್ ಹಿನ್ನೀರಿನ ನಡುಗಡ್ಡೆಯ ಮೇಲೆ ಕೂತ ಹಿಂಡುಗಳನ್ನು ದಡದಲ್ಲೇ ನಿಂತು ನೋಡುವವರಿಗೆ, ಮೇಲುಕೋಟೆ ಬಂಡೆಗಳ ಮೇಲೆ ಹಳದಿ ಕೊರಳಿನ ಪಿಕಳಾರ ಹುಡುಕುವವರಿಗೆ. ನೀರು ಅಗಲ, ಹಕ್ಕಿ ದೂರ, ನೋಡಲು ಬೇಕಾದಷ್ಟು ಹೊತ್ತು. ಮೊಣಕೈಯನ್ನು ಬಂಡೆಗೋ ಬೈಕ್ ಸೀಟಿಗೋ ಊರಿ ಹಿಡಿಯಬಹುದಾದರೆ 10×42 ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಮನೆಯಲ್ಲಿ ಒಂದೇ ಬೈನಾಕ್ಯುಲರ್ ಇರುತ್ತದೆ ಎಂದಾದರೆ ನಮ್ಮ ಮಟ್ಟಿಗೆ ಅದು 8×42. ಭಾರ ಹೊರಲಾಗದವರಿಗೆ, ಮಕ್ಕಳಿಗೆ 8×32 ಸರಿ. 42ರ ಲೆನ್ಸ್ ಅದಕ್ಕಿಂತ ಸುಮಾರು 1.7 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ ಎಂಬುದು ನೆನಪಿರಲಿ.

ಕೈಗೆತ್ತಿಕೊಳ್ಳಲೇಬಾರದವು

ಪ್ರವಾಸಿ ಜಾಗಗಳಲ್ಲೂ ಆನ್‌ಲೈನಿನಲ್ಲೂ ಐನೂರು, ಸಾವಿರ ರೂಪಾಯಿಗೆ "30×60" ಎಂದು ಬರೆದ ಮಡಚುವ ಪುಟ್ಟ ಬೈನಾಕ್ಯುಲರ್ ಸಿಗುತ್ತದೆ. ಸ್ಕೇಲ್ ಇಟ್ಟು ಮುಂದಿನ ಲೆನ್ಸ್ ಅಳೆಯಿರಿ. 60 ಎಂದು ಬರೆದಿದ್ದರೆ ಗಾಜು 6 ಸೆಂಟಿಮೀಟರ್ ಅಗಲ ಇರಬೇಕು. ಇಡೀ ಸಾಧನವೇ ಅಂಗೈಯಲ್ಲಿ ಮುಚ್ಚಿಹೋಗುವಾಗ ಅದು ಸಾಧ್ಯವೇ ಇಲ್ಲ, ಎರಡೂವರೆ ಸೆಂಟಿಮೀಟರ್ ದಾಟಿದರೆ ಹೆಚ್ಚು. ಆ 30 ಕೂಡ ಅಷ್ಟೇ ಸುಳ್ಳು.

ಕೆಂಪಗೆ ಮಾಣಿಕ್ಯದಂತೆ ಹೊಳೆಯುವ ಲೆನ್ಸ್ ನೋಡಿ ಮರುಳಾಗಬೇಡಿ. ಆ ಲೇಪ ಕೆಂಪು ಬೆಳಕನ್ನು ವಾಪಸ್ ಎಸೆಯುತ್ತದೆ, ಒಳಗೆ ಬರುವ ನೋಟ ಹಸಿರು-ನೀಲಿಗೆ ತಿರುಗುತ್ತದೆ. ಹಕ್ಕಿಯ ಬಣ್ಣ ನೋಡಿ ಗುರುತಿಸುವ ಕೆಲಸಕ್ಕೆ ಇದಕ್ಕಿಂತ ಕೆಟ್ಟದ್ದಿಲ್ಲ. ಡಬ್ಬಿಯ ಮೇಲೆ "ನೈಟ್ ವಿಷನ್" ಎಂದಿರುವ ಮಾಮೂಲಿ ಬೈನಾಕ್ಯುಲರಿಗೆ ಕತ್ತಲಲ್ಲಿ ನೋಡುವ ಯಾವ ಶಕ್ತಿಯೂ ಇರುವುದಿಲ್ಲ.

ಝೂಮ್ ಬೈನಾಕ್ಯುಲರ್, ಅಂದರೆ 8-24×50ರಂಥವು, ಒಳ್ಳೆಯ ಕಂಪನಿಯದ್ದಾದರೂ ಈ ಬೆಲೆಗೆ ಬೇಡ. ಎರಡು ಕೊಳವೆಗಳ ಒಳಗಿನ ಲೆನ್ಸುಗಳು ಪ್ರತಿ ಸಲ ಒಂದೇ ಅಳತೆಗೆ ಸರಿಯಬೇಕು, ಕೂದಲೆಳೆ ಹೆಚ್ಚುಕಮ್ಮಿಯಾದರೂ ಎರಡು ಕಣ್ಣಿಗೆ ಎರಡು ಗಾತ್ರದ ಚಿತ್ರ ಬೀಳುತ್ತದೆ. ಅದರ ಮೇಲೆ 8 ಪಟ್ಟಿನಲ್ಲಿಟ್ಟಾಗಲೂ ನೋಟ ಮಾಮೂಲಿ 8×42ಕ್ಕಿಂತ ಬಹಳ ಕಿರಿದು.

ಪೋರೋ, ರೂಫ್

ಕೊಳವೆ ಮೆಟ್ಟಿಲಿನಂತೆ ಬಾಗಿ, ಮುಂದಿನ ಲೆನ್ಸುಗಳು ಕಣ್ಣಿನ ಲೆನ್ಸುಗಳಿಗಿಂತ ದೂರದೂರ ಇರುವ ಹಳೇ ಮಾದರಿ ಪೋರೋ. ಎರಡು ನೇರ ಕೊಳವೆಗಳದ್ದು ರೂಫ್. ಈಗ ಅಂಗಡಿಗಳಲ್ಲಿ ರೂಫ್ ಮಾದರಿಯೇ ಹೆಚ್ಚು, ನೋಡಲೂ ಅಂದ. ಆದರೆ ಹತ್ತು ಸಾವಿರದ ಒಳಗೆ ಪೋರೋ ಕೊಡುವಷ್ಟು ಚಿತ್ರ ರೂಫ್ ಕೊಡುವುದು ಅಪರೂಪ, ಅದಕ್ಕೆ ಕಾರಣ ಪ್ರಿಸಂ, ಅಂದರೆ ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಒಳಗಿನ ಗಾಜಿನ ತುಂಡಿನಲ್ಲಿದೆ.

ಪೋರೋ ಪ್ರಿಸಂನಲ್ಲಿ ಬೆಳಕು ಪ್ರತಿಫಲಿಸುವ ಎಲ್ಲ ಮುಖಗಳಲ್ಲೂ ಪೂರ್ಣ ಆಂತರಿಕ ಪ್ರತಿಫಲನ ತಾನಾಗಿಯೇ ಆಗುತ್ತದೆ, ಕನ್ನಡಿ ಲೇಪ ಬೇಕಿಲ್ಲ, ಗಾಜು ಒಳ್ಳೆಯದಾದರೆ ಬೆಳಕು ಸೋರುವುದಿಲ್ಲ. ಸಾಮಾನ್ಯ ರೂಫ್ ಪ್ರಿಸಂನಲ್ಲಿ ಒಂದು ಮುಖಕ್ಕೆ ಕನ್ನಡಿ ಲೇಪ ಬೇಕೇ ಬೇಕು. ಅಲ್ಯೂಮಿನಿಯಂ ಲೇಪವಾದರೆ ಶೇ 90ರ ಆಸುಪಾಸು ಬೆಳಕು ವಾಪಸ್ಸಾಗುತ್ತದೆ, ಬೆಳ್ಳಿಯಾದರೆ ಶೇ 95ರ ಮೇಲೆ, ಡೈಎಲೆಕ್ಟ್ರಿಕ್ ಲೇಪವಾದರೆ ಶೇ 99. ಇಷ್ಟೇ ಅಲ್ಲ, ರೂಫ್ ಪ್ರಿಸಂನ ಸೂರಿನಂಥ ಅಂಚಿನಲ್ಲಿ ಬೆಳಕು ಎರಡು ಪಾಲಾಗಿ ಮತ್ತೆ ಸೇರುವಾಗ ಅಲೆಗಳ ಹೊಂದಿಕೆ ತಪ್ಪುತ್ತದೆ, ಸಣ್ಣ ವಿವರ ಮಸುಕಾಗುತ್ತದೆ. ಅದನ್ನು ಸರಿಪಡಿಸುವುದೇ ಫೇಸ್ (phase) ಕೋಟಿಂಗ್. ಈ ಎರಡೂ ಲೇಪಗಳಿಗೆ ದುಡ್ಡು ಬೀಳುತ್ತದೆ. ಅಗ್ಗದ ರೂಫ್ ಬೈನಾಕ್ಯುಲರಿನಲ್ಲಿ ಮೊದಲು ಬಿಟ್ಟುಬಿಡುವುದೂ ಇವನ್ನೇ. ರೂಫ್ ಕೊಳ್ಳುವುದಾದರೆ ವಿವರಪಟ್ಟಿಯಲ್ಲಿ "ಫೇಸ್ ಕೋಟೆಡ್" ಅಥವಾ "ಫೇಸ್ ಕರೆಕ್ಟೆಡ್" ಇದೆಯೇ ನೋಡಿ. ಇದ್ದರೆ ಕಂಪನಿ ಅದನ್ನು ಬರೆಯದೆ ಬಿಡುವುದಿಲ್ಲ.

ಪೋರೋದ ಕೊರತೆಗಳೂ ಸಣ್ಣವಲ್ಲ. ಫೋಕಸ್ ತಿರುಗಿಸಿದಾಗ ಕಣ್ಣಿನ ಕಡೆಯ ಭಾಗ ಪೂರ್ತಿ ಹಿಂದೆ ಮುಂದೆ ಸರಿಯುತ್ತದೆ, ಆ ಸಂದಿಯಿಂದ ದೂಳು, ತೇವ ಎರಡೂ ಒಳಗೆ ಹೋಗುತ್ತವೆ. ಹೆಚ್ಚಿನವು ಮಳೆಗೆ ತಡೆಯುವುದಿಲ್ಲ. ಭಾರ 700 ಗ್ರಾಂ ಮೇಲೆ. ನಾಲ್ಕೈದು ಮೀಟರಿಗಿಂತ ಹತ್ತಿರದ್ದು ಫೋಕಸ್ ಆಗುವುದಿಲ್ಲ, ಹಾಗಾಗಿ ಚಿಟ್ಟೆ, ಏರೋಪ್ಲೇನ್ ಚಿಟ್ಟೆ ನೋಡುವವರಿಗೆ ಒಗ್ಗದು. ಕನ್ನಡಕದವರಿಗೂ ಕಷ್ಟ.

ಎರಡು ಉದಾಹರಣೆ ಪಕ್ಕಪಕ್ಕ ಇಟ್ಟರೆ ಸ್ಪಷ್ಟವಾಗುತ್ತದೆ. ನಿಕಾನ್ ಅಕ್ಯುಲಾನ್ ಎ211 8×42 ಪೋರೋ: ನೋಟ 8 ಡಿಗ್ರಿ, ತೂಕ 755 ಗ್ರಾಂ, ಹತ್ತಿರದ ಫೋಕಸ್ 5 ಮೀಟರ್, ಐ ರಿಲೀಫ್ (ಲೆನ್ಸಿನಿಂದ ಕಣ್ಣಿಡಬೇಕಾದ ದೂರ) 12 ಮಿ.ಮೀ. ಅದೇ ಕಂಪನಿಯ ಪ್ರೋಸ್ಟಾಫ್ ಪಿ3 8×42 ರೂಫ್: ನೋಟ 7.2 ಡಿಗ್ರಿ, ತೂಕ 565 ಗ್ರಾಂ, ಹತ್ತಿರದ ಫೋಕಸ್ 3 ಮೀಟರ್, ಐ ರಿಲೀಫ್ 20 ಮಿ.ಮೀ., ಜೊತೆಗೆ ನೀರು ತಡೆಯುತ್ತದೆ. ಒಲಿಂಪಸ್ 8×40 ಡಿಪಿಎಸ್-1 ಮೊದಲನೆಯದರ ಜಾತಿ, 8.2 ಡಿಗ್ರಿ, 710 ಗ್ರಾಂ. ಸೆಲೆಸ್ಟ್ರಾನ್ ನೇಚರ್ ಡಿಎಕ್ಸ್ 8×42 ಎರಡನೆಯದರ ಜಾತಿ, 2 ಮೀಟರಿಗೇ ಫೋಕಸ್ ಆಗುತ್ತದೆ. ಕನ್ನಡಕವಿಲ್ಲದವರು, ಬಿಸಿಲಿನ ತಿಂಗಳಲ್ಲೇ ಹೆಚ್ಚು ಓಡಾಡುವವರು, ಹತ್ತು ಸಾವಿರ ದಾಟಲಾಗದವರು ಪೋರೋ ತೆಗೆದುಕೊಳ್ಳಿ, ಚಿತ್ರ ನೋಡಿ ಖುಷಿಪಡುತ್ತೀರಿ. ಕನ್ನಡಕ ಇದ್ದರೆ, ಮಳೆಗಾಲದಲ್ಲೂ ಹೊರಡುವವರಾದರೆ, ಇನ್ನೂ ಕೆಲವು ಸಾವಿರ ಕೂಡಿಸಿ ರೂಫ್‌ಗೆ ಹೋಗಿ.

ಗಾಜು, ಲೇಪ

ಪ್ರಿಸಂ ಗಾಜಿನಲ್ಲಿ ಬಿಎಕೆ-4, ಬಿಕೆ-7 ಎಂದು ಎರಡು ಬಗೆ. ಬಿಕೆ-7ರ ವಕ್ರೀಭವನ ಕಡಿಮೆ, ಹಾಗಾಗಿ ಪೋರೋದಲ್ಲಿ ಅಂಚಿನ ಕಿರಣಗಳು ಪೂರ್ತಿ ಪ್ರತಿಫಲಿಸದೆ ಸ್ವಲ್ಪ ಸೋರಿಹೋಗುತ್ತವೆ. ಪರೀಕ್ಷೆ ಸುಲಭ. ಬೈನಾಕ್ಯುಲರನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ಬಿಳಿ ಆಕಾಶದ ಕಡೆ ತಿರುಗಿಸಿ, ಕಣ್ಣಿನ ಲೆನ್ಸಿನಲ್ಲಿ ಕಾಣುವ ಬೆಳಕಿನ ಬಿಲ್ಲೆ ನೋಡಿ. ಸಮನಾಗಿ ದುಂಡಗಿದ್ದರೆ ಒಳ್ಳೆಯದು. ನಾಲ್ಕು ಕಡೆ ಕತ್ತರಿಸಿದಂತೆ ಚೌಕಾಕಾರವಾಗಿ, ಅಂಚಿನಲ್ಲಿ ಬೂದು ನೆರಳಿದ್ದರೆ ಬಿಕೆ-7, ಇಲ್ಲವೇ ಪ್ರಿಸಂ ಇರಬೇಕಾದಷ್ಟು ದೊಡ್ಡದಿಲ್ಲ. ಬಿಲ್ಲೆಯ ಅಗಲವನ್ನು ಸ್ಕೇಲಿನಲ್ಲಿ ಅಳೆದುಬಿಡಿ. 8×42ರಲ್ಲಿ 5 ಮಿ.ಮೀ.ಗಿಂತ ತೀರಾ ಕಡಿಮೆ ಬಂದರೆ ಒಳಗೆಲ್ಲೋ ಬೆಳಕಿನ ದಾರಿ ಮುಚ್ಚಿದ್ದಾರೆ ಎಂದರ್ಥ.

ಲೇಪದ ಲೆಕ್ಕ ಇನ್ನೂ ಮುಖ್ಯ. ಗಾಳಿಯಿಂದ ಗಾಜಿಗೆ, ಗಾಜಿನಿಂದ ಗಾಳಿಗೆ ದಾಟುವ ಪ್ರತಿ ಮೇಲ್ಮೈಯಲ್ಲೂ ಬರಿ ಗಾಜಾದರೆ ಶೇ 4ರಷ್ಟು ಬೆಳಕು ವಾಪಸ್ ಹೋಗುತ್ತದೆ. ಕೊಳವೆಯೊಳಗೆ ಇಂಥ ಹತ್ತು ಮೇಲ್ಮೈ ಇವೆ ಎನ್ನಿ. ಲೇಪವೇ ಇಲ್ಲದಿದ್ದರೆ ಕೊನೆಗೆ ಉಳಿಯುವುದು ಶೇ 66. ಒಂದೇ ಪದರದ ಲೇಪವಿದ್ದು ತಲಾ ಶೇ 1.5 ನಷ್ಟವಾದರೆ ಶೇ 86. ಎಲ್ಲ ಮೇಲ್ಮೈಗೂ ಬಹುಪದರದ ಲೇಪವಿದ್ದು ತಲಾ ಶೇ 0.5 ನಷ್ಟವಾದರೆ ಶೇ 95. ಹೋದ ಬೆಳಕು ಸುಮ್ಮನೆ ಹೋಗುವುದಿಲ್ಲ, ಒಳಗೇ ಚೆದುರಿ ಚಿತ್ರದ ಮೇಲೆ ಹಾಲು ಬಳಿದಂತೆ ಮಂಕು ಕವಿಸುತ್ತದೆ. ಡಬ್ಬಿಯ ಮೇಲೆ "ಕೋಟೆಡ್" ಎಂದಷ್ಟೇ ಇದ್ದರೆ ಯಾವುದೋ ಒಂದು ಗಾಜಿಗೆ ಒಂದು ಪದರ ಹಾಕಿದ್ದರೂ ಆ ಮಾತು ಸಲ್ಲುತ್ತದೆ. "ಮಲ್ಟಿ ಕೋಟೆಡ್" ಎಂದರೆ ಕೆಲವಕ್ಕೆ ಬಹುಪದರ. ನೀವು ಹುಡುಕಬೇಕಾದ ಮಾತು "ಫುಲ್ಲಿ ಮಲ್ಟಿ ಕೋಟೆಡ್".

ಬರೆದದ್ದು ನಿಜವೇ ಎಂದು ತಿಳಿಯಲು ಟ್ಯೂಬ್‌ಲೈಟ್ ಕೆಳಗೆ ನಿಂತು ಲೆನ್ಸಿನಲ್ಲಿ ಅದರ ಪ್ರತಿಬಿಂಬ ನೋಡಿ. ಒಂದರ ಹಿಂದೊಂದು ಹಲವು ಟ್ಯೂಬ್‌ಲೈಟ್ ಕಾಣುತ್ತವೆ, ಒಂದೊಂದೂ ಒಂದು ಮೇಲ್ಮೈಯದು. ಎಲ್ಲವೂ ಮಸುಕಾದ ಹಸಿರು, ನೇರಳೆ ಬಣ್ಣದಲ್ಲಿದ್ದರೆ ಸರಿ. ನಡುವೆ ಒಂದು ಬೆಳ್ಳಗೆ ಪ್ರಖರವಾಗಿದ್ದರೆ ಆ ಗಾಜಿಗೆ ಲೇಪ ಬಿದ್ದಿಲ್ಲ. ಮುಂದಿನ ಲೆನ್ಸಿನಲ್ಲೂ ಕಣ್ಣಿನ ಲೆನ್ಸಿನಲ್ಲೂ ನೋಡಿ. ಹಣ ಉಳಿಸಲು ಸಾಮಾನ್ಯವಾಗಿ ಕಣ್ಣಿನ ಕಡೆಗೇ ಕೈಬಿಡುವುದು.

ಕನ್ನಡಕ ಹಾಕುವವರಿಗೆ

ಕಣ್ಣಿನ ಲೆನ್ಸಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೆ ಪೂರ್ತಿ ನೋಟ ಕಾಣುತ್ತದೆಯೋ ಅದೇ ಐ ರಿಲೀಫ್. ಕನ್ನಡಕದ ಗಾಜೇ ಅದರಲ್ಲಿ ಬಹುಪಾಲು ತಿನ್ನುವುದರಿಂದ ಕನಿಷ್ಠ 15 ಮಿ.ಮೀ. ಬೇಕು, 17-18 ಇದ್ದರೆ ಆರಾಮ. 12 ಮಿ.ಮೀ.ಯದ್ದನ್ನು ಕನ್ನಡಕದ ಮೇಲಿಟ್ಟರೆ ಬಾಗಿಲ ಸಂದಿಯಿಂದ ಇಣುಕಿದಂತೆ ನಡುವಿನ ತುಂಡಷ್ಟೇ ಕಾಣುತ್ತದೆ. ಐಕಪ್ (ಕಣ್ಣಿನ ಲೆನ್ಸಿನ ಸುತ್ತಲಿನ ರಬ್ಬರ್ ಅಂಚು) ತಿರುಗಿಸಿ ಕೆಳಗಿಳಿಸುವಂತಿರಬೇಕು, ಇಳಿಸಿದ ಜಾಗದಲ್ಲೇ ನಿಲ್ಲಬೇಕು. ಕನ್ನಡಕವಿಲ್ಲದವರು ಅದನ್ನು ಪೂರ್ತಿ ಮೇಲಕ್ಕೆತ್ತಿಯೇ ನೋಡಬೇಕು, ಇಲ್ಲದಿದ್ದರೆ ಕರೀ ನೆರಳು ಆಚೀಚೆ ತೇಲುತ್ತದೆ. ಸಮೀಪದೃಷ್ಟಿಯವರು ಕನ್ನಡಕ ತೆಗೆದೂ ನೋಡಬಹುದು, ಆದರೆ ಫೋಕಸ್ ಚಕ್ರ ಅನಂತ ದೂರದ ಗುರುತು ದಾಟಿ ಇನ್ನೂ ಸ್ವಲ್ಪ ತಿರುಗುವಂತಿರಬೇಕು. ಸಿಲಿಂಡರ್ ಪವರ್ ಹೆಚ್ಚಿರುವವರಿಗೆ ಈ ಉಪಾಯ ನಡೆಯುವುದಿಲ್ಲ, ಬೈನಾಕ್ಯುಲರ್ ಅದನ್ನು ಸರಿಪಡಿಸಲಾರದು.

ಕಿರಿದಾದ ಮುಖದವರೂ ಮಕ್ಕಳೂ ಎರಡು ಕೊಳವೆಯನ್ನು ಪೂರ್ತಿ ಹತ್ತಿರ ಮಡಚಿ ನೋಡಲಿ. ಆಗಲೂ ಎರಡು ವೃತ್ತ ಸೇರಿ ಒಂದಾಗದಿದ್ದರೆ ಆ ಮಾದರಿ ಅವರಿಗಲ್ಲ. ಹೆಚ್ಚಿನವು 56 ಮಿ.ಮೀ. ಆಸುಪಾಸಿಗೆ ನಿಂತುಬಿಡುತ್ತವೆ.

ಕೈಗೆ ಬಂದ ಮೇಲೆ ಪರೀಕ್ಷೆ

ಮಾದರಿ ಒಳ್ಳೆಯದೆಂದ ಮಾತ್ರಕ್ಕೆ ನಿಮ್ಮ ಕೈಗೆ ಬಂದ ಪೀಸ್ ಒಳ್ಳೆಯದೆಂದಲ್ಲ. ಈ ಬೆಲೆಯಲ್ಲಿ ಪೀಸಿನಿಂದ ಪೀಸಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಅಂಗಡಿಯಲ್ಲಾದರೆ ಹೊರಗೆ ರಸ್ತೆಗೆ ತಂದು ನೋಡಲು ಬಿಡಿ ಎಂದು ಕೇಳಿ, ಒಪ್ಪದಿದ್ದರೆ ಬೇರೆ ಅಂಗಡಿ. ಆನ್‌ಲೈನಾದರೆ ವಾಪಸ್ ಮಾಡುವ ಅವಧಿಯೊಳಗೆ, ಡಬ್ಬಿ, ಕವರ್ ಹರಿಯದಂತೆ ಇಟ್ಟುಕೊಂಡು ಇಷ್ಟನ್ನೂ ಮುಗಿಸಿ. ಬಿಲ್ಲು ಭಾರತದಲ್ಲಿ ಕಂಪನಿ ಒಪ್ಪಿದ ಮಾರಾಟಗಾರರದ್ದೇ ಇರಲಿ, ಇಲ್ಲದಿದ್ದರೆ ವಾರಂಟಿ ಇಲ್ಲ.

ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಒಳಗೆ ಕಟಕಟ ಎಂದರೆ ಪ್ರಿಸಂ ಸಡಿಲ. ಮೊಬೈಲ್ ಟಾರ್ಚನ್ನು ಮುಂದಿನ ಲೆನ್ಸಿನಿಂದ ಓರೆಯಾಗಿ ಬಿಟ್ಟು ಕಣ್ಣಿನ ಕಡೆಯಿಂದ ನೋಡಿ. ಒಂದೆರಡು ದೂಳಿನ ಕಣ ಎಲ್ಲದರಲ್ಲೂ ಇರುತ್ತದೆ, ತೊಂದರೆಯಿಲ್ಲ. ಎಣ್ಣೆಯ ಮಬ್ಬು, ಕೂದಲು, ಜೇಡರ ಬಲೆಯಂಥ ಎಳೆಗಳಿದ್ದರೆ ಬೇಡ. ಫೋಕಸ್ ಚಕ್ರ ಆ ತುದಿಯಿಂದ ಈ ತುದಿಗೆ ಒಂದೇ ಬಿಗಿಯಲ್ಲಿ ತಿರುಗಬೇಕು. ತಿರುಗಿಸುವ ದಿಕ್ಕು ಬದಲಿಸಿದಾಗ ಚಕ್ರ ಸುಮ್ಮನೆ ಸ್ವಲ್ಪ ಸುತ್ತಿ ಆಮೇಲೆ ಹಿಡಿದುಕೊಂಡರೆ ಗೇರಿನಲ್ಲಿ ಸಡಿಲವಿದೆ. ಪೋರೋದಲ್ಲಿ ಎರಡು ಕಣ್ಣಿನ ಲೆನ್ಸುಗಳನ್ನು ಜೋಡಿಸುವ ಸೇತುವೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಒಂದು ಕಡೆ ಫೋಕಸ್ ತಪ್ಪಿದರೆ ಅದು ಮುಂದೆ ದಿನವೂ ಕಾಡುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿವೆಯೇ ಎಂಬುದು. ಇನ್ನೂರು ಮೀಟರಿಗಿಂತ ಆಚೆ ಅಡ್ಡಗೆರೆಯೊಂದನ್ನು ಹುಡುಕಿ, ಕರೆಂಟ್ ತಂತಿಯೋ ಕಟ್ಟಡದ ತಾರಸಿ ಅಂಚೋ ಸಾಕು. ಬೈನಾಕ್ಯುಲರನ್ನು ಗೋಡೆಯ ಮೇಲೆ ಅಲುಗದಂತೆ ಇಟ್ಟು ಫೋಕಸ್ ಮಾಡಿ. ಆಮೇಲೆ ತಲೆಯನ್ನು ನಿಧಾನವಾಗಿ ಹತ್ತು ಹದಿನೈದು ಸೆಂಟಿಮೀಟರ್ ಹಿಂದಕ್ಕೆ ತನ್ನಿ. ಒಂದಾಗಿದ್ದ ವೃತ್ತ ಎರಡಾಗುತ್ತದೆ. ಆ ತಂತಿ ಎರಡು ವೃತ್ತಗಳಲ್ಲೂ ಒಂದೇ ಎತ್ತರದಲ್ಲಿ ಹಾದುಹೋಗಬೇಕು. ಎಡಗಡೆ ನಡುವಿನಲ್ಲಿ, ಬಲಗಡೆ ಮೇಲಕ್ಕೆ ಕಂಡರೆ ಆ ಪೀಸ್ ವಾಪಸ್. ಅಡ್ಡಡ್ಡ ಸ್ವಲ್ಪ ಸರಿದಿದ್ದರೆ ಕಣ್ಣು ಒಳಕ್ಕೆ ತಿರುಗಿ ಹೊಂದಿಸಿಕೊಳ್ಳಬಲ್ಲದು, ಪುಸ್ತಕ ಓದುವಾಗ ದಿನವೂ ಮಾಡುವ ಕೆಲಸ ಅದು. ಒಂದು ಕಣ್ಣು ಮೇಲೆ ಒಂದು ಕಣ್ಣು ಕೆಳಗೆ ನೋಡುವ ಅಭ್ಯಾಸ ಮಾತ್ರ ಅದಕ್ಕಿಲ್ಲ. ಮಿದುಳು ಹೇಗೋ ಎಳೆದು ಸೇರಿಸುತ್ತದೆ, ಅರ್ಧ ಗಂಟೆಯಲ್ಲಿ ಹುಬ್ಬಿನ ಮೇಲೆ ನೋವು ಶುರು. ಇನ್ನೊಂದು ಗುರುತು: ಎರಡೂ ಕಣ್ಣು ಐದು ಸೆಕೆಂಡ್ ಮುಚ್ಚಿ ತಟ್ಟನೆ ತೆರೆಯಿರಿ. ಚಿತ್ರ ಕ್ಷಣಕಾಲ ಎರಡಾಗಿ ಆಮೇಲೆ ಸೇರಿದರೆ ಜೋಡಣೆ ಸರಿಯಿಲ್ಲ.

ಕೊನೆಗೆ ಬಿಳಿ ಆಕಾಶದ ಎದುರು ಕೂತ ಕಾಗೆಯನ್ನೋ ಬಿಸಿಲಿನಲ್ಲಿ ನಿಂತ ಬೆಳ್ಳಕ್ಕಿಯನ್ನೋ ನೋಡಿ. ಅಂಚಿನಲ್ಲಿ ನೇರಳೆ, ಹಸಿರು ಗೆರೆ ಸ್ವಲ್ಪ ಕಾಣುತ್ತದೆ, ಈ ಬೆಲೆಗೆ ಅದು ಸಹಜ. ನೋಟದ ನಡುಮಧ್ಯದಲ್ಲೂ ದಪ್ಪಗೆ ಕಂಡರೆ ಬೇಡ. ಅಂಚಿನ ಕಾಲು ಭಾಗ ಮಸುಕಾಗಿರುವುದೂ ಮಾಮೂಲು. ಸೂರ್ಯನ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ, ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಮಕ್ಕಳ ಕೈಗೆ ಕೊಡುವ ಮುಂಚೆ ಇದನ್ನು ಹೇಳಿಯೇ ಕೊಡಿ.

ನಿಮ್ಮ ಕಣ್ಣಿಗೆ ಹೊಂದಿಸುವುದು

ಎಷ್ಟೋ ಒಳ್ಳೆಯ ಬೈನಾಕ್ಯುಲರುಗಳು "ಸ್ಪಷ್ಟ ಇಲ್ಲ" ಎಂದು ವಾಪಸ್ ಹೋಗುವುದು ಬಲಗಣ್ಣಿಗೆ ಮಾತ್ರ ಫೋಕಸ್ ಹೊಂದಿಸುವ ಡಯಾಪ್ಟರ್ ಬಳೆಯನ್ನು ಯಾರೂ ಮುಟ್ಟದೇ ಇರುವುದರಿಂದ. ನಮ್ಮ ಎರಡು ಕಣ್ಣಿನ ಪವರ್ ಒಂದೇ ಇರುವುದು ಅಪರೂಪ. ಮೂವತ್ತರಿಂದ ಐವತ್ತು ಮೀಟರ್ ದೂರದ ಅಂಗಡಿ ಬೋರ್ಡಿನ ಸಣ್ಣ ಅಕ್ಷರ ಆರಿಸಿ. ಬಲಗಡೆಯ ಮುಂದಿನ ಲೆನ್ಸಿಗೆ ಮುಚ್ಚಳ ಹಾಕಿ, ಎರಡೂ ಕಣ್ಣು ತೆರೆದೇ ಇರಲಿ. ಒಂದು ಕಣ್ಣು ಮುಚ್ಚಿದರೆ ಇನ್ನೊಂದೂ ಕಿರಿದಾಗಿ ಲೆಕ್ಕ ತಪ್ಪುತ್ತದೆ. ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಚೂಪಾಗಿಸಿ. ಈಗ ಮುಚ್ಚಳವನ್ನು ಎಡಕ್ಕೆ ಹಾಕಿ, ನಡುವಿನ ಚಕ್ರ ಮುಟ್ಟದೆ ಡಯಾಪ್ಟರ್ ಬಳೆ ಮಾತ್ರ ತಿರುಗಿಸಿ ಬಲಗಣ್ಣಿಗೆ ಚೂಪಾಗಿಸಿ. ಚೂಪಾದ ಬಿಂದು ದಾಟಿ ಮತ್ತೆ ಹಿಂದೆ ಬನ್ನಿ, ಮೂರು ಸಲ ಮಾಡಿ, ಮೂರೂ ಸಲ ಬಳೆ ಒಂದೇ ಕಡೆ ನಿಂತರೆ ಅಲ್ಲಿ ಬಿಳಿ ಪೆನ್ನಿನಿಂದ ಸಣ್ಣ ಚುಕ್ಕಿ ಇಡಿ. ಮನೆಯವರೂ ಬಳಸುವುದಾದರೆ ಅವರಿಗೆ ಬೇರೆ ಬಣ್ಣದ ಚುಕ್ಕಿ.

ಇದನ್ನೇ ಹತ್ತು ಮೀಟರಿನ ವಸ್ತುವಿಗೂ ಇನ್ನೂರು ಮೀಟರಿನ ವಸ್ತುವಿಗೂ ಮಾಡಿ. ಬಳೆಯ ಜಾಗ ದೂರಕ್ಕೆ ತಕ್ಕಂತೆ ಬದಲಾದರೆ ಎರಡು ಕೊಳವೆಯ ಫೋಕಸ್ ಒಟ್ಟಿಗೆ ಸರಿಯುತ್ತಿಲ್ಲ. ಅದು ನಿಮ್ಮ ಕಣ್ಣಿನ ದೋಷವಲ್ಲ, ಪೀಸಿನದು, ಬದಲಾಯಿಸಿಕೊಳ್ಳಿ.

ದೂಳು, ತೇವ, ಬೂಷ್ಟು

ಡಬ್ಬಿಯಲ್ಲಿ ಬರುವ ತೆಳು ಪಟ್ಟಿ 700 ಗ್ರಾಂ ಭಾರಕ್ಕೆ ಕತ್ತು ಕೊಯ್ಯುತ್ತದೆ. ಎರಡೂ ಭುಜದ ಮೇಲೆ ಬರುವ ಹಾರ್ನೆಸ್ ಪಟ್ಟಿ ಕೊಂಡುಬಿಡಿ. ಎದೆಯ ಮಟ್ಟಕ್ಕೆ ಬಿಗಿದರೆ ಬಗ್ಗಿದಾಗ ಬಂಡೆಗೆ ಬಡಿಯುವುದೂ ತಪ್ಪುತ್ತದೆ.

ಕಬ್ಬಿನ ಲಾರಿ ಓಡುವ ಮಂಡ್ಯದ ರಸ್ತೆ ಬದಿ, ಆಲೆಮನೆಯ ಹೊಗೆಯ ಆಸುಪಾಸು ಅರ್ಧ ದಿನ ತಿರುಗಿದರೆ ಲೆನ್ಸಿನ ಮೇಲೆ ಮಣ್ಣು, ಮಸಿ ಕೂರುತ್ತವೆ. ಅದನ್ನು ಅಂಗಿಯ ತುದಿಯಲ್ಲೋ ಸೆರಗಿನಲ್ಲೋ ಒರೆಸಿದರೆ ಮಣ್ಣಿನ ಹರಳು ಲೇಪವನ್ನು ಗೀರುತ್ತದೆ, ಆ ಗೀರು ಮತ್ತೆ ಹೋಗುವುದಿಲ್ಲ. ಮೊದಲು ರಬ್ಬರ್ ಬ್ಲೋಯರಿನಿಂದ ಊದಿ, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಮೈಕ್ರೋಫೈಬರ್ ಬಟ್ಟೆಗೆ ಎರಡು ಹನಿ ಲೆನ್ಸ್ ದ್ರಾವಣ ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತ ಒರೆಸಿ. ದ್ರಾವಣ ಬಟ್ಟೆಗೆ ಹಾಕಿ, ಗಾಜಿನ ಮೇಲೆ ನೇರ ಸುರಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಮನೆ ಕಿಟಕಿ ಒರೆಸುವ ಅಮೋನಿಯಾ ದ್ರವ ಬೇಡ.

ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುವುದು ಇನ್ನೂ ದೊಡ್ಡ ತೊಂದರೆ. ಗಾಳಿಯ ತೇವ ಶೇ 65-70 ದಾಟಿ, ಕತ್ತಲಲ್ಲಿ ಅಲುಗದೆ ಇಟ್ಟರೆ ಸಾಕು, ಎಳೆ ಬಿಡುತ್ತದೆ. ಅದು ಹೊರಸೂಸುವ ಆಮ್ಲ ಲೇಪವನ್ನೇ ತಿನ್ನುತ್ತದೆ. ಜೊತೆಗೆ ಬಂದ ಚೀಲ ಓಡಾಟಕ್ಕೆ ಸರಿ, ಬೀರುವಿನಲ್ಲಿ ತಿಂಗಳುಗಟ್ಟಲೆ ಅದರಲ್ಲೇ ಇಟ್ಟರೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಡುಗೆಮನೆಯ ಗಾಳಿಯಾಡದ ಐದಾರು ಲೀಟರ್ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಒಳಗೆ 100 ಗ್ರಾಂ ಸಿಲಿಕಾ ಜೆಲ್, ಸಾಧ್ಯವಾದರೆ ಪುಟ್ಟ ತೇವಮಾಪಕ. ಶೇ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಾಗುವ ಜೆಲ್ ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ಇರುವುದರಿಂದ ಕಿತ್ತಳೆ ಬಣ್ಣದ್ದು ಮೇಲು. ಅದು ಹಸಿರಿಗೆ ತಿರುಗಿದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಿತ್ತಳೆಯಾಗುವವರೆಗೆ ಬಿಸಿ ಮಾಡಿ, ತಣಿದ ಮೇಲೆ ಡಬ್ಬಕ್ಕೆ ಹಾಕಿ. ಉರಿ ಜೋರಾದರೆ ಬಣ್ಣವೇ ಸುಟ್ಟುಹೋಗುತ್ತದೆ. ಒದ್ದೆಯಾಗಿ ಬಂದ ಬೈನಾಕ್ಯುಲರನ್ನು ನೇರ ಡಬ್ಬಕ್ಕೆ ಹಾಕದೆ ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ.

ನೈಟ್ರೋಜನ್ ತುಂಬಿ ಮುಚ್ಚಿದ ರೂಫ್ ಬೈನಾಕ್ಯುಲರಿನ ಒಳಗೆ ಬೂಷ್ಟು ಬರುವುದು ಕಷ್ಟ. ಐಪಿಎಕ್ಸ್‌7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಹೊರಗಿನ ಗಾಜಿಗೆ ಮಾತ್ರ ಆ ರಕ್ಷಣೆ ಇಲ್ಲ, ಅದಕ್ಕೂ ಡಬ್ಬ ಬೇಕು.

ಬಳಸಿದ ಹಳೇ ಜಪಾನ್ ಪೋರೋ ಅಗ್ಗಕ್ಕೆ ಸಿಕ್ಕಿದರೆ ಮೇಲಿನ ಟಾರ್ಚ್ ಪರೀಕ್ಷೆ, ತಂತಿ ಪರೀಕ್ಷೆ ಎರಡನ್ನೂ ಮಾಡಿಯೇ ದುಡ್ಡು ಕೊಡಿ. ಒಳಗೆ ಬೂಷ್ಟಿದ್ದರೆ ಬಿಚ್ಚಿ ಒರೆಸಿದರೂ ಲೇಪದ ಮೇಲೆ ಕಲೆ ಉಳಿದಿರುತ್ತದೆ. ಹೊಸದೇ ಕೈಜಾರಿ ಬಿದ್ದರೆ ಮೊದಲು ತಂತಿ ಪರೀಕ್ಷೆ ಮಾಡಿ. ಜೋಡಣೆ ತಪ್ಪಿದ್ದರೆ ಕೊಳವೆಯ ಮೇಲಿನ ಸಣ್ಣ ಸ್ಕ್ರೂಗಳಿಗೆ ಕೈ ಹಾಕಬೇಡಿ. ಪೋರೋದಲ್ಲಿ ರಬ್ಬರಿನ ಅಡಿ ಇರುವ ಆ ಸ್ಕ್ರೂಗಳೇ ಪ್ರಿಸಂ ಓರೆ ಮಾಡುವವು, ಒಂದನ್ನು ಕಾಲು ಸುತ್ತು ತಿರುಗಿಸಿದರೂ ಚಿತ್ರ ಮೇಲೆ ಕೆಳಗೆ ಹಾರುತ್ತದೆ. ಮುಚ್ಚಿದ ರೂಫ್ ಆಗಿದ್ದರೆ ಬಿಚ್ಚಿದ ಕೂಡಲೇ ನೈಟ್ರೋಜನ್ ಹೋಗಿ ನೀರು ತಡೆಯುವ ಗುಣವೂ ಹೋಗುತ್ತದೆ. ವಾರಂಟಿ ಕಾಗದ ತೆಗೆದು ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಕಳಿಸಿ. ರಿಪೇರಿ ಖರ್ಚು ಹೊಸದರ ಅರ್ಧ ದಾಟುವುದಾದರೆ ಹೊಸದನ್ನೇ ಕೊಂಡು, ಹಳೆಯದರ ನೆಟ್ಟಗಿರುವ ಒಂದು ಕೊಳವೆಯನ್ನು ಒಂಟಿಗಣ್ಣಿನ ದುರ್ಬೀನಾಗಿ ಬೈಕಿನ ಬ್ಯಾಗಿನಲ್ಲಿಟ್ಟುಕೊಳ್ಳಬಹುದು.